ಎದೆ ಹಿಡಿದಾಗ ಮೊದಲು ಇಸಿಜಿ ಮಾಡಿಸಿ

ಮಾನ್ಯ ಸಂಪಾದಕರೇ,

ನಾನು ಮದ್ದೂರಿನಲ್ಲಿ ಬಹಳ ವರ್ಷಗಳಿಂದ ಮೆಡಿಕಲ್ ಸ್ಟೋರ್ ಇಟ್ಟುಕೊಂಡಿದ್ದೇನೆ. ನಿಮ್ಮ ಅಂಗಡಿಯಲ್ಲಿ ಯಾವ ಮಾತ್ರೆ ಜಾಸ್ತಿ ಹೋಗುತ್ತೆ ಅಂತ ಯಾರಾದರೂ ಕೇಳಿದರೆ ಯೋಚನೆ ಮಾಡಬೇಕಾಗಿಲ್ಲ. ಗ್ಯಾಸ್ ಮಾತ್ರೆ. ಡಾಕ್ಟರ ಚೀಟಿ ತಂದು ತಗೊಳ್ಳುವವರು ಕಡಿಮೆ, ಬಂದು ನಿಂತು ಎದೆ ಮೇಲೆ ಕೈ ಇಟ್ಟು ತೋರಿಸಿ ಕೇಳುವವರೇ ಹೆಚ್ಚು. "ಅಣ್ಣೋ, ಇಲ್ಲಿ ಹಿಡ್ಕಂಡಂಗೆ ಆಯ್ತದೆ, ಗ್ಯಾಸಿಗೆ ಏನಾರ ಕೊಡಿ." ಈ ಮಾತು ಕೇಳದ ದಿನವೇ ಇಲ್ಲ ಅನ್ನಬಹುದು.

ಹೀಗೆ ಬರುವ ಹೆಚ್ಚಿನವರಿಗೆ ನಿಜವಾಗಿಯೂ ಹೊಟ್ಟೆಯದ್ದೇ ತೊಂದರೆ ಇರುತ್ತೆ. ಆದರೆ ಎಲ್ಲರಿಗೂ ಅಲ್ಲ. ಕೆಲವರಿಗೆ ಅದು ಹೃದಯಾಘಾತ, ಇನ್ನು ಕೆಲವರಿಗೆ ಹೃದಯಾಘಾತಕ್ಕೆ ಮೊದಲು ಬರುವ ಎಚ್ಚರಿಕೆ. ಅಂಗಡಿ ಕೌಂಟರ್ ಈಚೆ ನಿಂತುಕೊಂಡು ಯಾರದ್ದು ಯಾವುದು ಅಂತ ನನಗೆ ಹೇಳೋಕ್ಕೆ ಆಗಲ್ಲ. ಎದುರು ನಿಂತವರಿಗೂ ಗೊತ್ತಾಗಲ್ಲ. ಗೊತ್ತುಮಾಡುವುದಕ್ಕೆ ಇಸಿಜಿ ಇದೆ, ಐದು ನಿಮಿಷದ ಕೆಲಸ, ಅದನ್ನು ಮಾಡಿಸದೆ ಜನ ಮನೆಗೆ ಹೋಗಿ ಮಲಗುತ್ತಾರಲ್ಲ, ಅದಕ್ಕೇ ಈ ಪತ್ರ ಬರೆಯುತ್ತಿದ್ದೇನೆ.

2025ರ ಜೂನ್, ಜುಲೈನಲ್ಲಿ ಹಾಸನದಲ್ಲಿ ಹೃದಯಾಘಾತದ ಸಾವುಗಳ ಸುದ್ದಿ ಬಂದಾಗ ಮೈಸೂರಿನ ಜಯದೇವ ಆಸ್ಪತ್ರೆ ಮುಂದೆ ಜನ ಬೆಳಿಗ್ಗೆಯಿಂದಲೇ ಸಾಲು ನಿಂತಿದ್ದರು. ಪತ್ರಿಕೆಗಳಲ್ಲಿ ಫೋಟೋ ಬಂತು. ಏನೂ ತೊಂದರೆ ಇಲ್ಲದವರು ಕೂಡ ಹೆದರಿ ಬಂದಿದ್ದರು. 2021ರ ಅಕ್ಟೋಬರ್ 29ರಂದು ಅಪ್ಪು ತೀರಿಕೊಂಡಾಗಲೂ ಹಾಗೇ ಆಗಿತ್ತು, ಹುಡುಗರೆಲ್ಲ ಹೃದಯ ತಪಾಸಣೆಗೆ ಓಡಿದರು. ಭಯ ಬಂದಾಗ ಓಡುವುದು ತಪ್ಪು ಅಂತ ನಾನು ಹೇಳಲ್ಲ. ಆದರೆ ನೋಡಿ, ಆರಾಮಾಗಿರುವವರು ಸಾಲಿನಲ್ಲಿ ನಿಂತಿರುತ್ತಾರೆ, ನಿಜವಾಗಿ ಎದೆ ಹಿಂಡುತ್ತಿರುವವರು ಮನೆಯಲ್ಲಿ ಸೋಡಾ ಕುಡಿದು ತೇಗು ಬರಲಿ ಅಂತ ಕಾಯುತ್ತಾ ಕೂತಿರುತ್ತಾರೆ. ಇದು ನನಗೆ ತುಂಬಾ ಸಂಕಟ ಕೊಡುವ ವಿಷಯ.

ನಮ್ಮ ಕಡೆ ಬೀಗರ ಊಟ ಅಂದರೆ ನಿಮಗೆ ಗೊತ್ತೇ ಇದೆ. ಮುದ್ದೆ, ಮಟನ್ ಸಾರು, ಬೋಟಿ ಗೊಜ್ಜು, ಮೇಲೆ ಅನ್ನ. ಊಟ ಮುಗಿಸಿ ಬಿಸಿಲಲ್ಲಿ ಬಸ್ ಸ್ಟಾಂಡ್ ತನಕ ನಡೆಯುವಾಗ ಎದೆ ಭಾರ ಆಗುತ್ತೆ, ಎರಡು ನಿಮಿಷ ನಿಂತರೆ ಹೋಗುತ್ತೆ, ಮತ್ತೆ ನಡೆದರೆ ಮತ್ತೆ ಬರುತ್ತೆ. ಯಾರನ್ನು ಕೇಳಿದರೂ ಊಟ ಜಾಸ್ತಿಯಾಯ್ತು ಅನ್ನುತ್ತಾರೆ. ದಯವಿಟ್ಟು ಇದನ್ನು ಗಮನವಿಟ್ಟು ಓದಿ. ನಡೆದಾಗ, ಮೆಟ್ಟಿಲು ಹತ್ತಿದಾಗ, ಭಾರ ಎತ್ತಿದಾಗ ಎದೆ ಬಿಗಿದು, ಸುಮ್ಮನೆ ನಿಂತಾಗ ಕೆಲವೇ ನಿಮಿಷದಲ್ಲಿ ಕಡಿಮೆ ಆದರೆ ಅದನ್ನು ಡಾಕ್ಟರುಗಳು ಆಂಜೈನಾ ಅನ್ನುತ್ತಾರೆ. ಹೃದಯಕ್ಕೆ ರಕ್ತ ಕೊಡುವ ನಾಳ ಒಳಗಡೆ ಕಿರಿದಾಗಿದೆ, ಸುಮ್ಮನೆ ಕೂತಾಗ ಬರುವ ರಕ್ತ ಸಾಕು, ಕೆಲಸ ಮಾಡುವಾಗ ಸಾಕಾಗಲ್ಲ ಅಂತ ಅರ್ಥ. ಹೊಟ್ಟೆ ತುಂಬಾ ಉಂಡ ಮೇಲೆ ಹೃದಯಕ್ಕೆ ಕೆಲಸ ಇನ್ನೂ ಹೆಚ್ಚುತ್ತದೆ, ಅದಕ್ಕೇ ಊಟ ಆದ ಮೇಲೆ ನಡೆದಾಗ ಬೇಗ ಕಾಣಿಸಿಕೊಳ್ಳುತ್ತದೆ, ಜನ ಅದನ್ನು ಊಟದ ತಲೆಗೆ ಕಟ್ಟುತ್ತಾರೆ.

ಹೃದಯಾಘಾತ ಇದರ ಮುಂದಿನದ್ದು. ಆ ನಾಳದ ಒಳಗೋಡೆಯಲ್ಲಿ ಸೇರಿಕೊಂಡ ಕೊಬ್ಬಿನ ಪದರ ಒಂದು ದಿನ ಬಿರುಕು ಬಿಡುತ್ತದೆ, ಅದರ ಮೇಲೆ ರಕ್ತ ಹೆಪ್ಪುಗಟ್ಟಿ ನಾಳ ಪೂರ್ತಿ ಮುಚ್ಚಿಹೋಗುತ್ತದೆ. ನಮ್ಮ ವಿ.ಸಿ. ನಾಲೆಯಲ್ಲಿ ಮೇಲೆ ಎಲ್ಲೋ ಕಟ್ಟಿಕೊಂಡರೆ ಕೆಳಗಿನ ಗದ್ದೆ ಒಣಗುತ್ತೆ ಅಲ್ವಾ, ಹಾಗೆ ಆ ನಾಳದ ಕೆಳಗಿನ ಹೃದಯದ ಮಾಂಸ ಸಾಯುತ್ತಾ ಹೋಗುತ್ತದೆ. ಗಂಟೆ ಗಂಟೆಗೂ ಸಾಯುತ್ತದೆ. ಸತ್ತ ಭಾಗ ಮತ್ತೆ ಬರುವುದಿಲ್ಲ. ಬದುಕಿ ಉಳಿದವರಲ್ಲೂ ಎಷ್ಟೋ ಜನ ಆಮೇಲೆ ನಾಲ್ಕು ಹೆಜ್ಜೆಗೆ ಏದುಸಿರು ಬಿಡುವುದು ಇದೇ ಕಾರಣಕ್ಕೆ, ತಡವಾಗಿ ಬಂದದ್ದಕ್ಕೆ.

ಸಿನಿಮಾದಲ್ಲಿ ತೋರಿಸುವ ಹಾಗೆ ಎಡಗಡೆ ಎದೆ ಹಿಡಿದುಕೊಂಡು ಕುಸಿಯುವುದು ಮಾತ್ರ ಹೃದಯಾಘಾತ ಅಂತ ನಮ್ಮ ಜನ ತಿಳಿದಿದ್ದಾರೆ. ಹೆಚ್ಚಿನವರಿಗೆ ನೋವು ಬರುವುದು ಎದೆಯ ನಡುವೆ. ಚುಚ್ಚುವ ನೋವಿಗಿಂತ ಹೆಚ್ಚಾಗಿ ಭಾರ, ಹಿಂಡುವಿಕೆ, ಬಿಗಿತ, ಕೆಲವರಿಗೆ ಉರಿ. ಎಡಗೈಗೆ ಹರಿಯಬಹುದು, ಎರಡೂ ಕೈಗೂ ಹರಿಯಬಹುದು, ದವಡೆಗೆ, ಕುತ್ತಿಗೆಗೆ, ಬೆನ್ನಿಗೆ ಹೋಗಬಹುದು. ಹೃದಯದ ಕೆಳಭಾಗಕ್ಕೆ ಪೆಟ್ಟು ಬಿದ್ದಾಗ ಮೇಲ್ಹೊಟ್ಟೆಯಲ್ಲೇ ನೋವು ಕಾಣಿಸಿಕೊಂಡು ವಾಂತಿ ಕೂಡ ಆಗುತ್ತದೆ, ಇದನ್ನು ಹೊಟ್ಟೆಯದ್ದು ಅಂದುಕೊಳ್ಳದೆ ಇರುವುದೇ ಕಷ್ಟ. ಜೊತೆಗೆ ತಣ್ಣನೆಯ ಬೆವರು. ಫ್ಯಾನ್ ಕೆಳಗೆ ಕೂತಿದ್ದರೂ ಅಂಗಿ ನೆನೆಯುವಷ್ಟು ಬೆವರು ಬಂದರೆ ಅಲ್ಲಿಗೆ ಮನೆಮದ್ದಿನ ಮಾತು ಮುಗಿಯಿತು, ಗಾಡಿ ಹೊರಡಿಸಿ.

ಹೆಂಗಸರು, ವಯಸ್ಸಾದವರು, ಬಹಳ ವರ್ಷದಿಂದ ಶುಗರ್ ಇರುವವರು, ಇವರ ವಿಷಯ ಇನ್ನೂ ಕಷ್ಟ. ಶುಗರ್ ನರಗಳನ್ನು ಹಾಳು ಮಾಡಿರುವುದರಿಂದ ನೋವೇ ಗೊತ್ತಾಗದೆ ಇರಬಹುದು. ಸುಮ್ನೆ ಸುಸ್ತು, ಉಸಿರು ಕಟ್ಟಿದ ಹಾಗೆ, ವಾಕರಿಕೆ, ಬೆವರು, ಇಷ್ಟೇ. ನಮ್ಮ ಮನೆಗಳಲ್ಲಿ ಅಮ್ಮಂದಿರು, ಅತ್ತೆಯಂದಿರು ಇಂಥದ್ದನ್ನು ಬಾಯಿಬಿಟ್ಟು ಹೇಳುವುದೇ ಇಲ್ಲ, ಕೆಲಸ ಎಲ್ಲಾ ಮುಗಿದ ಮೇಲೆ "ಯಾಕೋ ಒಂಥರಾ ಆಯ್ತದೆ" ಅನ್ನುತ್ತಾರೆ. ಆ ಒಂದು ಮಾತಿಗೆ ಬೆಲೆ ಕೊಡಿ.

ಒಬ್ಬರ ವಿಷಯ ಹೇಳುತ್ತೇನೆ, ಹೆಸರು ಬೇಡ. ನಮ್ಮ ಅಂಗಡಿಗೆ ಬರುವ ಕಬ್ಬಿನ ರೈತರು, ವಯಸ್ಸು ಐವತ್ತರ ಮೇಲೆ, ಶುಗರ್ ಇತ್ತು. ರಾತ್ರಿ ಎದೆ ಹಿಡಿದು ಬೆವರಿದಾಗ ಮನೆಯವರು ಹತ್ತಿರದ ಒಂದು ಕ್ಲಿನಿಕ್ಕಿಗೆ ಕರೆದುಕೊಂಡು ಹೋಗಿದ್ದಾರೆ. ಅಲ್ಲಿ ಗ್ಯಾಸಿಗೆ ಅಂತ ಒಂದು ಇಂಜೆಕ್ಷನ್ ಕೊಟ್ಟು ಕಳಿಸಿದ್ದಾರೆ. ಇಸಿಜಿ ಮಾಡಲಿಲ್ಲ, ಮಾಡಿಸಿ ಅಂತ ಹೇಳಲೂ ಇಲ್ಲ. ಸ್ವಲ್ಪ ಕಡಿಮೆ ಆದ ಹಾಗಾಯಿತು, ಮಲಗಿದರು. ಬೆಳಿಗ್ಗೆ ಮಗ ನನ್ನ ಅಂಗಡಿಗೆ ಬಂದು ಗ್ಯಾಸ್ ಮಾತ್ರೆ ಒಂದು ಸ್ಟ್ರಿಪ್ ಕೇಳಿದ. ಅಪ್ಪನಿಗೆ ಈಗ ಹೇಗಿದೆ ಅಂದೆ. ಬೆವರು ನಿಂತಿಲ್ಲ ಅಂದ. ಮಾತ್ರೆ ಕೊಡಲ್ಲ, ಮೊದಲು ಸರ್ಕಾರಿ ಆಸ್ಪತ್ರೆಗೆ ಕರೆದುಕೊಂಡು ಹೋಗು ಅಂತ ಗಟ್ಟಿಯಾಗಿ ಹೇಳಿ ಕಳಿಸಿದೆ. ಇಸಿಜಿಯಲ್ಲಿ ಗೊತ್ತಾಯಿತು, ಅಲ್ಲಿಂದ ಮೈಸೂರಿಗೆ ಹೋದರು, ನಾಳ ಮುಚ್ಚದ ಹಾಗೆ ಹಿಡಿದಿಡುವ ಸ್ಟೆಂಟ್ ಹಾಕಿದರು. ಬದುಕಿದ್ದಾರೆ. ಆದರೆ ಗದ್ದೆ ಕೆಲಸ ಮಾಡುವ ಶಕ್ತಿ ಹೋಗಿದೆ. ಆ ಒಂದು ರಾತ್ರಿಯಲ್ಲಿ ಹೋದದ್ದು ಅದು.

ಗ್ಯಾಸ್ ಔಷಧಿ ತಗೊಂಡು ಕಡಿಮೆ ಆಯ್ತಲ್ಲ, ಹಾಗಾದರೆ ಗ್ಯಾಸೇ ತಾನೇ ಅಂತ ಕೇಳುತ್ತಾರೆ. ಅಲ್ಲ. ಹೃದಯದ ನೋವು ತಾನಾಗಿಯೇ ಏರಿ ಇಳಿದು ಮಾಡುತ್ತದೆ, ಅದೇ ಹೊತ್ತಿಗೆ ಜೆಲುಸಿಲ್ಲೋ ಈನೋನೋ ಕುಡಿದಿದ್ದರೆ ಅದರಿಂದಲೇ ಇಳಿಯಿತು ಅನಿಸುತ್ತದೆ. ತೇಗು ಬಂದು ಹಗುರ ಆದರೂ ಅಷ್ಟೇ, ಅದು ಯಾವುದಕ್ಕೂ ಸಾಕ್ಷಿ ಅಲ್ಲ. ಇನ್ನೊಂದು ವಿಷಯ, ನಮ್ಮ ವೃತ್ತಿಯವರಿಗೆ ಗೊತ್ತಿರುವುದು, ಜನರಿಗೆ ಗೊತ್ತಿಲ್ಲ. ಪ್ಯಾಂಟೊಪ್ರಜೋಲ್, ಒಮೆಪ್ರಜೋಲ್ ಅನ್ನುವ ಗ್ಯಾಸ್ ಮಾತ್ರೆಗಳು ನುಂಗಿದ ತಕ್ಷಣ ನೋವು ಇಳಿಸುವಂಥವಲ್ಲ. ಹೊಟ್ಟೆಯಲ್ಲಿ ಆಮ್ಲ ತಯಾರಾಗುವುದನ್ನು ನಿಧಾನವಾಗಿ ತಡೆಯುತ್ತವೆ, ಕೆಲಸ ಶುರುವಾಗಲು ಗಂಟೆಗಳು ಬೇಕು, ಪೂರ್ತಿ ಪರಿಣಾಮಕ್ಕೆ ಕೆಲವು ದಿನ ಬೇಕು. ಊಟಕ್ಕೆ ಅರ್ಧ ಗಂಟೆ ಮೊದಲು ತಗೊಳ್ಳಬೇಕಾದ ಮಾತ್ರೆ ಅದು. ಅದನ್ನು ನುಂಗಿ ಹಿಂಡುತ್ತಿರುವ ಎದೆ ಹಿಡಿದುಕೊಂಡು ಬೆಳಗಾಗಲಿ ಅಂತ ಕಾಯುವುದರಲ್ಲಿ ಅರ್ಥವೇ ಇಲ್ಲ.

ಹಾಗಂತ ಎಲ್ಲ ಎದೆಯುರಿಯೂ ಹೃದಯಾಘಾತ ಅಂತ ಹೆದರಿಸುವುದೂ ನನ್ನ ಉದ್ದೇಶ ಅಲ್ಲ. ಊಟ ಆದ ಮೇಲೆ ಮಲಗಿದಾಗ, ಬಗ್ಗಿದಾಗ ಎದೆ ಉರಿದು, ಬಾಯಿಗೆ ಹುಳಿ ನೀರು ಬಂದರೆ ಅದು ಆಮ್ಲ ಮೇಲಕ್ಕೆ ಬರುವ ತೊಂದರೆ. ರಾತ್ರಿ ಊಟ ಬೇಗ ಮಾಡುವುದು, ತೂಕ ಇಳಿಸುವುದು, ಡಾಕ್ಟರ್ ಹೇಳಿದಷ್ಟು ವಾರ ಮಾತ್ರೆ ತಗೊಳ್ಳುವುದು, ಇದರಲ್ಲೇ ಬಹಳ ಜನರಿಗೆ ಸರಿಹೋಗುತ್ತದೆ. ಎಣ್ಣೆ ಪದಾರ್ಥ ತಿಂದ ಮೇಲೆ ಹೊಟ್ಟೆಯ ಬಲಗಡೆ ಮೇಲೆ ನೋವು ಬಂದು ಬೆನ್ನಿಗೆ, ಬಲ ಭುಜಕ್ಕೆ ಹೋದರೆ ಪಿತ್ತಕೋಶದ ಕಲ್ಲು ಇರಬಹುದು, ಸ್ಕ್ಯಾನಿಂಗಿನಲ್ಲಿ ತಿಳಿಯುತ್ತದೆ. ಹೊಟ್ಟೆ ಹುಣ್ಣಿಗೆ ಬೇರೆ ಕಾರಣ. ಎಚ್. ಪೈಲೋರಿ ಅನ್ನುವ ಬ್ಯಾಕ್ಟೀರಿಯಾದಿಂದ ಬರುತ್ತೆ, ಅದಕ್ಕೆ ಪರೀಕ್ಷೆ ಮಾಡಿ ಆಂಟಿಬಯೋಟಿಕ್ ಸೇರಿಸಿ ಕೊಡುತ್ತಾರೆ. ನೋವಿನ ಮಾತ್ರೆಯಿಂದಲೂ ಬರುತ್ತೆ. ನಮ್ಮ ಕಡೆ ಕಬ್ಬು ಕಡಿಯುವವರು, ನಾಟಿ ಹಾಕುವ ಹೆಂಗಸರು ಸಂಜೆ ಮೈಕೈ ನೋವಿಗೆ ಡೈಕ್ಲೋಫೆನಾಕ್ ನುಂಗುತ್ತಾರೆ, ಅದರಿಂದ ಹೊಟ್ಟೆ ಉರಿದರೆ ಗ್ಯಾಸ್ ಮಾತ್ರೆ ನುಂಗುತ್ತಾರೆ, ವರ್ಷಗಟ್ಟಲೆ ಇದೇ ನಡೆಯುತ್ತದೆ. ಆ ನೋವಿನ ಮಾತ್ರೆ ಬಿಪಿ ಏರಿಸುತ್ತದೆ, ಹೃದಯಕ್ಕೂ ಕಿಡ್ನಿಗೂ ಒಳ್ಳೆಯದಲ್ಲ. ಗ್ಯಾಸ್ ಮಾತ್ರೆಯನ್ನು ವರ್ಷಾನುಗಟ್ಟಲೆ ಸುಮ್ಮನೆ ನುಂಗುತ್ತಾ ಇದ್ದರೆ ಬಿ12 ವಿಟಮಿನ್ ಕಡಿಮೆ ಆಗಬಹುದು. ಮಲ ಕಪ್ಪಗೆ ಡಾಂಬರಿನ ಹಾಗೆ ಹೋದರೆ, ನುಂಗುವಾಗ ಸಿಕ್ಕಿಕೊಂಡರೆ, ಕಾರಣ ಇಲ್ಲದೆ ತೂಕ ಇಳಿದರೆ, ವಾಂತಿಯಲ್ಲಿ ರಕ್ತ ಕಂಡರೆ ಎಂಡೋಸ್ಕೋಪಿ ಮಾಡಿಸಲೇಬೇಕು, ಅಂಗಡಿ ಮಾತ್ರೆಯಲ್ಲಿ ಕಾಲ ಕಳೆಯಬಾರದು.

ಮತ್ತೆ ಇಸಿಜಿಗೆ ಬರುತ್ತೇನೆ. ಎದೆ, ಕೈ, ಕಾಲಿಗೆ ವೈರು ಅಂಟಿಸಿ ಕಾಗದದ ಮೇಲೆ ಗೀಟು ತೆಗೆಯುವುದು, ನೋವಿಲ್ಲ, ಚುಚ್ಚುವುದಿಲ್ಲ. ಆದರೆ ಮೊದಲ ಇಸಿಜಿ ನಾರ್ಮಲ್ ಬಂತು ಅಂತ ಎದ್ದು ಬರಬೇಡಿ. ಶುರುವಿನಲ್ಲಿ ಕೆಲವರಿಗೆ ಇಸಿಜಿ ಸರಿಯಾಗೇ ಇರುತ್ತದೆ. ಅದಕ್ಕೇ ಸ್ವಲ್ಪ ಹೊತ್ತು ಬಿಟ್ಟು ಮತ್ತೆ ತೆಗೆಯುತ್ತಾರೆ, ಟ್ರೋಪೋನಿನ್ ಅನ್ನುವ ರಕ್ತ ಪರೀಕ್ಷೆ ಮಾಡುತ್ತಾರೆ. ಹೃದಯದ ಮಾಂಸಕ್ಕೆ ಪೆಟ್ಟು ಬಿದ್ದರೆ ಆ ಟ್ರೋಪೋನಿನ್ ರಕ್ತದಲ್ಲಿ ಏರುತ್ತದೆ, ಏರಲು ಕೆಲವು ಗಂಟೆ ಹಿಡಿಯುವುದರಿಂದ ಅದನ್ನೂ ಎರಡನೇ ಸಲ ನೋಡಬೇಕಾಗುತ್ತದೆ. ಡಾಕ್ಟರ್ ಇನ್ನೂ ನಾಲ್ಕು ಗಂಟೆ ಇರಿ ಅಂದರೆ ದುಡ್ಡು ಮಾಡೋಕ್ಕೆ ಹೇಳುತ್ತಾರೆ ಅಂತ ಅನುಮಾನ ಪಡಬೇಡಿ, ಇರಿ.

ಹೃದಯಾಘಾತ ಅಂತ ಗೊತ್ತಾದರೆ ಮಾಡುವುದು ಮುಖ್ಯವಾಗಿ ಎರಡು. ಹೆಪ್ಪು ಕರಗಿಸುವ ಇಂಜೆಕ್ಷನ್ ಕೊಡುವುದು, ಇಲ್ಲವೇ ಆಂಜಿಯೋಪ್ಲಾಸ್ಟಿ ಮಾಡಿ ಬಲೂನಿನಿಂದ ನಾಳ ತೆರೆದು ಸ್ಟೆಂಟ್ ಇಡುವುದು. ಎರಡು ಗಂಟೆ ಒಳಗೆ ಆಂಜಿಯೋಪ್ಲಾಸ್ಟಿ ಆಗುವ ಹಾಗಿದ್ದರೆ ಅದೇ ಮೇಲು. ಆಗದಿದ್ದರೆ ಮೊದಲು ಹತ್ತಿರದ ಆಸ್ಪತ್ರೆಯಲ್ಲಿ ಇಂಜೆಕ್ಷನ್, ಆಮೇಲೆ ಪ್ರಯಾಣ. ನೋವು ಶುರುವಾಗಿ 12 ಗಂಟೆ ಒಳಗೆ ಇಂಜೆಕ್ಷನ್ ಕೊಡಬಹುದು, ಆದರೆ ಮೊದಲ ಒಂದೆರಡು ಗಂಟೆಯಲ್ಲಿ ಕೊಟ್ಟಾಗ ಆಗುವ ಪ್ರಯೋಜನ ಆಮೇಲೆ ಇರುವುದಿಲ್ಲ. ಮೊದಲು ಮಿದುಳಿನಲ್ಲಿ ರಕ್ತಸ್ರಾವ ಆಗಿದ್ದವರಿಗೆ, ಹೊಸದಾಗಿ ಆಪರೇಷನ್ ಆದವರಿಗೆ ಅದನ್ನು ಕೊಡುವ ಹಾಗಿಲ್ಲ, ಹಾಗಾಗಿ ಹಳೆಯ ಚೀಟಿಗಳನ್ನೂ, ಈಗ ನುಂಗುತ್ತಿರುವ ಮಾತ್ರೆಗಳನ್ನೂ ಒಂದು ಕವರಿನಲ್ಲಿ ಹಾಕಿಕೊಂಡು ಹೋಗಿ.

ಈಗ ನಮ್ಮ ಜನರಿಗೆ ಗೊತ್ತೇ ಇಲ್ಲದ ವಿಷಯ. ಸರ್ಕಾರದ್ದು ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಅಂತ ಒಂದು ಯೋಜನೆ ಇದೆ. ತಾಲ್ಲೂಕು, ಜಿಲ್ಲಾ ಆಸ್ಪತ್ರೆಗಳಲ್ಲಿ ಇಸಿಜಿ ತೆಗೆದು ಅಲ್ಲಿಂದಲೇ ಜಯದೇವದಂಥ ದೊಡ್ಡ ಆಸ್ಪತ್ರೆಯ ತಜ್ಞರಿಗೆ ಕಳಿಸುತ್ತಾರೆ, ಅವರು ಕೆಲವೇ ನಿಮಿಷದಲ್ಲಿ ನೋಡಿ ಹೇಳುತ್ತಾರೆ, ಬೇಕಾದರೆ ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಇಂಜೆಕ್ಷನ್ ಅಲ್ಲೇ ಉಚಿತವಾಗಿ ಕೊಡುತ್ತಾರೆ. ಹೊರಗೆ ಕೊಂಡರೆ ಹತ್ತಾರು ಸಾವಿರ ರೂಪಾಯಿ ಆಗುವ ಔಷಧಿ ಅದು. ಮಂಡ್ಯದಿಂದ ಮೈಸೂರಿಗೆ ಸುಮಾರು 45 ಕಿಲೋಮೀಟರ್, ಮದ್ದೂರಿನಿಂದ ಇನ್ನೂ ದೂರ, ಹಳ್ಳಿಯಿಂದ ಹೊರಡುವವರಿಗೆ ಗಾಡಿ ಸಿಗುವುದೇ ತಡ. ಅಂಥದ್ದರಲ್ಲಿ ಹತ್ತಿರದ ಆಸ್ಪತ್ರೆಯನ್ನು ದಾಟಿಕೊಂಡು ದೊಡ್ಡ ಆಸ್ಪತ್ರೆಗೇ ಹೋಗೋಣ ಅಂತ ಜನ ಕಾರು ಓಡಿಸುತ್ತಾರೆ. ಸರ್ಕಾರಿ ಆಸ್ಪತ್ರೆ ಅಂದರೆ ಮೂಗು ಮುರಿಯುವ ಅಭ್ಯಾಸ ಇಲ್ಲಿ ಜೀವಕ್ಕೇ ಕುತ್ತು ತರುತ್ತದೆ. 108ಕ್ಕೆ ಕರೆ ಮಾಡಿ, ಎದೆನೋವು ಅಂತ ಮೊದಲ ಮಾತಿನಲ್ಲೇ ಹೇಳಿ. ಎದೆ ಹಿಡಿದಿರುವವರೇ ಬೈಕ್ ಓಡಿಸಿಕೊಂಡು ಬರುವುದಂತೂ ಬೇಡವೇ ಬೇಡ.

ವಾಟ್ಸಾಪಿನಲ್ಲಿ ಬರುವುದನ್ನು ನಂಬಬೇಡಿ. ಒಬ್ಬರೇ ಇದ್ದಾಗ ಜೋರಾಗಿ ಕೆಮ್ಮಿದರೆ ಹೃದಯಾಘಾತ ನಿಲ್ಲುತ್ತೆ ಅಂತ ಬರುತ್ತಲ್ಲ, ಅದು ಸುಳ್ಳು. ಬೆಳ್ಳುಳ್ಳಿ, ಶುಂಠಿ, ನಿಂಬೆರಸ ಕುದಿಸಿ ಕುಡಿದರೆ ಬ್ಲಾಕ್ ಕರಗುತ್ತೆ ಅನ್ನುವುದೂ ಸುಳ್ಳು. ಎದೆನೋವಿಗೆ ನಾಲಿಗೆ ಕೆಳಗೆ ಇಡುವ ಸಾರ್ಬಿಟ್ರೇಟ್ ಮಾತ್ರೆಯನ್ನು ಪಕ್ಕದ ಮನೆಯವರದ್ದು ಈಸಿಕೊಂಡು ಇಟ್ಟುಕೊಳ್ಳಬೇಡಿ, ಬಿಪಿ ಕಡಿಮೆ ಇದ್ದವರಿಗೆ ಅದು ಇನ್ನೂ ಕೆಳಗೆ ಬೀಳಿಸುತ್ತದೆ. ಆಸ್ಪಿರಿನ್ ಉಪಯೋಗಕ್ಕೆ ಬರುವುದು ನಿಜ, 300 ಮಿಲಿಗ್ರಾಮಿನಷ್ಟು ಅಗಿದು ನುಂಗಬೇಕು, ಆದರೆ ಅಲರ್ಜಿ ಇರುವವರಿಗೆ, ಹುಣ್ಣಿನಿಂದ ರಕ್ತ ಹೋಗುತ್ತಿರುವವರಿಗೆ ಆಗುವುದಿಲ್ಲ. ಆದ್ದರಿಂದ 108ರವರನ್ನೋ ಡಾಕ್ಟರನ್ನೋ ಫೋನಿನಲ್ಲೇ ಕೇಳಿ ತಗೊಳ್ಳಿ. ಮನುಷ್ಯ ಕುಸಿದು ಬಿದ್ದು, ಕರೆದರೆ ಓಗೊಡದೆ, ಉಸಿರೂ ಆಡದೆ ಇದ್ದರೆ ಎದೆಯ ನಡುವೆ ಎರಡೂ ಕೈ ಇಟ್ಟು ನಿಮಿಷಕ್ಕೆ 100ರಿಂದ 120 ಸಲ, ಸುಮಾರು 5 ಸೆಂಟಿಮೀಟರ್ ಕೆಳಗೆ ಹೋಗುವ ಹಾಗೆ ಒತ್ತುತ್ತಾ ಇರಿ, ಆಂಬುಲೆನ್ಸ್ ಬರುವ ತನಕ ನಿಲ್ಲಿಸಬೇಡಿ.

ಸ್ಟೆಂಟ್ ಹಾಕಿಸಿಕೊಂಡವರಿಗೂ ಒಂದು ಮಾತು. ರಕ್ತ ಹೆಪ್ಪುಗಟ್ಟದ ಹಾಗೆ ಎರಡು ಮಾತ್ರೆ ಕೊಟ್ಟಿರುತ್ತಾರೆ, ಸಾಮಾನ್ಯವಾಗಿ ಒಂದು ವರ್ಷ ತನಕ. ಈಗ ಚೆನ್ನಾಗಿದ್ದೀನಿ, ಮಾತ್ರೆ ದುಬಾರಿ ಅಂತ ನಡುವೆ ಬಿಡುವವರನ್ನು ನೋಡುತ್ತಲೇ ಇರುತ್ತೇನೆ, ಒಂದು ತಿಂಗಳು ಬಂದು ಮುಂದಿನ ತಿಂಗಳು ಬರಲ್ಲ. ಡಾಕ್ಟರನ್ನು ಕೇಳದೆ ಬಿಟ್ಟರೆ ಸ್ಟೆಂಟ್ ಒಳಗೇ ಹೆಪ್ಪುಗಟ್ಟಬಹುದು. ದುಡ್ಡಿನ ತೊಂದರೆ ಇದ್ದರೆ ಜನೌಷಧಿ ಕೇಂದ್ರದಲ್ಲಿ ವಿಚಾರಿಸಿ. ನಾನೂ ಔಷಧಿ ಮಾರುವವನೇ, ಆದರೂ ಹೇಳುತ್ತಿದ್ದೇನೆ, ಅಲ್ಲಿ ಕಡಿಮೆಗೆ ಸಿಗುತ್ತದೆ. ಮತ್ತೆ ಹೆಪ್ಪು ತಡೆಯುವ ಕ್ಲೋಪಿಡೋಗ್ರೆಲ್ ಮಾತ್ರೆ ತಗೊಳ್ಳುತ್ತಿರುವವರು ಅಂಗಡಿಯಲ್ಲಿ ಸ್ವಂತವಾಗಿ ಒಮೆಪ್ರಜೋಲ್ ಕೊಂಡು ನುಂಗಬಾರದು, ಅದು ಕ್ಲೋಪಿಡೋಗ್ರೆಲ್ ಕೆಲಸವನ್ನೇ ತಗ್ಗಿಸುತ್ತದೆ. ಗ್ಯಾಸ್ ಮಾತ್ರೆ ತಾನೇ ಅಂತ ಯಾರೂ ಇದನ್ನು ಹೇಳುವುದೂ ಇಲ್ಲ, ಕೇಳುವುದೂ ಇಲ್ಲ.

ನನ್ನ ಜೊತೆಯ ಮೆಡಿಕಲ್ ಸ್ಟೋರಿನವರಲ್ಲೂ ಕೇಳಿಕೊಳ್ಳುತ್ತೇನೆ. ಬೆವರುತ್ತಾ ಬಂದು ಎದೆ ತೋರಿಸುವವರಿಗೆ ಹತ್ತು ರೂಪಾಯಿ ಮಾತ್ರೆ ಕೊಟ್ಟು ಕಳಿಸಬೇಡಿ. ಕೂರಿಸಿ, ಬಿಪಿ, ಶುಗರ್ ಇದೆಯಾ, ಬೀಡಿ ಸಿಗರೇಟ್ ಸೇದುತ್ತಾರಾ, ಮನೆಯಲ್ಲಿ ಯಾರಿಗಾದರೂ ಚಿಕ್ಕ ವಯಸ್ಸಿನಲ್ಲಿ ಹೀಗಾಗಿತ್ತಾ ಕೇಳಿ. ಎಷ್ಟು ವಯಸ್ಸು ಅಂತ ನೋಡಿ ಸುಮ್ಮನಾಗಬೇಡಿ, ನಮ್ಮ ದೇಶದವರಿಗೆ ಪಶ್ಚಿಮದವರಿಗಿಂತ 5ರಿಂದ 10 ವರ್ಷ ಮೊದಲೇ ಹೃದಯಾಘಾತ ಬರುತ್ತದೆ. ಆಟೋ ಕರೆಸಿ ಆಸ್ಪತ್ರೆಗೆ ಹತ್ತಿಸಿ. ಕ್ಲಿನಿಕ್ ನಡೆಸುವ ಡಾಕ್ಟರುಗಳಿಗೆ ನಾನು ಹೇಳುವಷ್ಟು ದೊಡ್ಡವನಲ್ಲ, ಆದರೂ ಗ್ಯಾಸ್ ಇಂಜೆಕ್ಷನ್ ಚುಚ್ಚುವ ಮೊದಲು ಒಂದು ಇಸಿಜಿ ಆಗಲಿ ಅಂತ ಕೈಮುಗಿದು ಕೇಳುತ್ತೇನೆ.

ಆರೋಗ್ಯ ಇಲಾಖೆಯವರು ಪ್ರತಿ ತಾಲ್ಲೂಕು ಆಸ್ಪತ್ರೆಯ ಗೇಟಿನಲ್ಲಿ, ಬಸ್ ಸ್ಟಾಂಡಿನಲ್ಲಿ, ಹಾಲಿನ ಡೈರಿಗಳ ಗೋಡೆ ಮೇಲೆ ದೊಡ್ಡಕ್ಷರದಲ್ಲಿ ಬರೆಸಬೇಕು, ಎದೆನೋವು ಬಂದರೆ ಇಸಿಜಿ ಇಲ್ಲಿದೆ, ಇಂಜೆಕ್ಷನ್ ಉಚಿತ ಅಂತ. ರಾತ್ರಿ ಹೊತ್ತು ಇಸಿಜಿ ತೆಗೆಯುವವರು ಇರಲೇಬೇಕು, ಹಗಲು ಮಾತ್ರ ಇದ್ದರೆ ಏನು ಪ್ರಯೋಜನ? ಆಶಾ ಕಾರ್ಯಕರ್ತೆಯರು ಮನೆಮನೆಗೆ ಹೋಗುವಾಗ ಬಿಪಿ, ಶುಗರ್ ವಿಚಾರಿಸುವ ಜೊತೆಗೆ ಇದನ್ನೂ ಹೇಳಲಿ.

ತಮ್ಮಲ್ಲಿ ನನ್ನದೊಂದು ವಿನಂತಿ ಇದೆ. ಮಂಡ್ಯ, ಮೈಸೂರು ಎರಡೂ ಜಿಲ್ಲೆಗಳ ಯಾವ ಯಾವ ಸರ್ಕಾರಿ ಆಸ್ಪತ್ರೆಯಲ್ಲಿ 24 ಗಂಟೆ ಇಸಿಜಿ ಇದೆ, ಎಲ್ಲಿ ಹೆಪ್ಪು ಕರಗಿಸುವ ಇಂಜೆಕ್ಷನ್ ಸ್ಟಾಕ್ ಇದೆ, ಎಲ್ಲಿ ಇಲ್ಲ ಅಂತ ಇಲಾಖೆಯಿಂದ ಕೇಳಿ ತಿಳಿದು ತಾಲ್ಲೂಕುವಾರು ಪಟ್ಟಿ ಪ್ರಕಟಿಸಿ. ಕತ್ತರಿಸಿ ಇಟ್ಟುಕೊಳ್ಳುವ ಹಾಗೆ ಒಂದು ಚೌಕದೊಳಗೆ ಹಾಕಿ. ನಮ್ಮ ಅಂಗಡಿಯ ಬಾಗಿಲಿಗೆ ಅಂಟಿಸುವ ಕೆಲಸ ನನ್ನದು, ಮದ್ದೂರಿನ ಉಳಿದ ಮೆಡಿಕಲ್ ಸ್ಟೋರುಗಳಿಗೂ ಜೆರಾಕ್ಸ್ ಮಾಡಿಸಿ ಕೊಟ್ಟು ಬರುತ್ತೇನೆ.

ಇತಿ,
ಒಬ್ಬ ಫಾರ್ಮಸಿಸ್ಟ್
ಮದ್ದೂರು, ಮಂಡ್ಯ ಜಿಲ್ಲೆ